ಹದಿನಾಲ್ಕನೆಯ ಸಾಲು

ನನಗೆ ಹೇಸಿಗೆ ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ನಡೆದ ಅನಾಹುತಕ್ಕೆ ಬ್ಯಾಕ್ಟೀರಿಯಾದಷ್ಟೇ ನನ್ನ ಹೇಸಿಗೆಯೂ ಕಾರಣ. ಇನ್ನೊಬ್ಬರು ಕಚ್ಚಿದ ಹಣ್ಣನ್ನು ನಾನು ತಿನ್ನುವುದಿಲ್ಲ. ಲೋಟವನ್ನು ತುಟಿಗೆ ತಾಗಿಸಿ ಕುಡಿಯುವವರ ಮನೆಯಲ್ಲಿ ನೀರು ಕೇಳುವುದಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿದರೆ ಆ ಪಾತ್ರೆಯ ಕಡೆ ತಲೆ ಹಾಕುವುದಿಲ್ಲ. ನನ್ನ ಅತ್ತೆ ಸಾವಂತ್ರೆವ್ವ ಸೂಜಿಗೆ ನೂಲು ಪೋಣಿಸುವಾಗ ತುದಿಯನ್ನು ಬಾಯಿಗಿಟ್ಟು ಚೀಪಿ ಚೂಪು ಮಾಡಿಕೊಳ್ಳುತ್ತಾರೆ. ಇಪ್ಪತ್ತೇಳು ವರ್ಷಗಳಿಂದ ಅದನ್ನು ಕಂಡಾಗಲೆಲ್ಲ ನಾನು ಮುಖ ತಿರುಗಿಸಿದ್ದೇನೆ. ಇಂಥ ನನಗೆ ಸಿಕ್ಕ ಉದ್ಯೋಗವೆಂದರೆ ಲೋಳೆ ಬೆಳೆಸುವುದು.

ಧಾರವಾಡದ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆಯಿದೆ. ಅಲ್ಲಿ ತಯಾರಾಗುವುದು ಜೀವಪೊರೆ, ಅಂದರೆ ಜೀವವಿರುವ ಕಾಂಟ್ಯಾಕ್ಟ್ ಲೆನ್ಸ್. ಒಂದು ಜಾತಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು, ಗಂಜಿಯ ಜಾತಿಗೇ ಸೇರಿದ ಅಂಟೊಂದನ್ನು ನೇಯುತ್ತದೆ. ನೀರಿನಷ್ಟು ತಿಳಿಯಾದ ಆ ಅಂಟಿನ ಪೊರೆಯೇ ಲೆನ್ಸ್. ಕಣ್ಣಿನ ಪಾಪೆ ಹಿಗ್ಗುವುದನ್ನೂ ಕುಗ್ಗುವುದನ್ನೂ ಗ್ರಹಿಸಿ ಅದು ತಾನೂ ಉಬ್ಬುತ್ತದೆ, ತಗ್ಗುತ್ತದೆ. ಹಾಗಾಗಿ ಹತ್ತಿರಕ್ಕೂ ದೂರಕ್ಕೂ ಒಂದೇ ಸಾಕು. ಗೀರು ಬಿದ್ದರೆ ತಾನೇ ಮಾಯಿಸಿಕೊಳ್ಳುತ್ತದೆ. ಅದರ ಆಹಾರ ನಮ್ಮ ಕಣ್ಣೀರು. ಕಣ್ಣೀರಿನಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಪೊರೆ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. 'ನಿಮ್ಮ ಕಣ್ಣಿನ ಜೊತೆ ಬದುಕುವ ಗೆಳತಿ' ಎಂದು ನಮ್ಮ ಜಾಹೀರಾತು ಹೇಳುತ್ತದೆ. ಅರೆಹೊಟ್ಟೆಯಲ್ಲಿಟ್ಟ ಕ್ರಿಮಿ ಎಂದು ಯಾರೂ ಬರೆಯುವುದಿಲ್ಲ.

ಕಾರ್ಖಾನೆಯಲ್ಲಿ ಮಾತ್ರ ಅದಕ್ಕೆ ಹೊಟ್ಟೆತುಂಬ ಊಟ. ಪನೀರು ಮಾಡಿದ ಮೇಲೆ ಉಳಿಯುವ ಹಾಲಿನ ತಿಳಿನೀರು ಪೀಪಾಯಿಗಟ್ಟಲೆ ಬರುತ್ತದೆ. ಮೂಲತಃ ಈ ಬ್ಯಾಕ್ಟೀರಿಯಾಕ್ಕೆ ಹಾಲಿನ ಸಕ್ಕರೆ ಅರಗುತ್ತಿರಲಿಲ್ಲ. ಅರಗಿಸುವ ಗುಣವನ್ನು ಬೇರೊಂದು ಜೀವಿಯಿಂದ ತಂದು ಸೇರಿಸಿದವರು ನಾವೇ. ಬೆಚ್ಚಗಿನ ತಟ್ಟೆಗಳಲ್ಲಿ ತಿಳಿ ತುಂಬಿಸಿ ಬಿಟ್ಟರೆ ಎರಡು ದಿನಕ್ಕೆ ಮೇಲೆ ಪೊರೆ ಕಟ್ಟುತ್ತದೆ. ಹುಳಿ ವಾಸನೆ ಕೂದಲಿಗೂ ಅಂಟುತ್ತದೆ. ಆಮೇಲೆ ಪೊರೆಗಳನ್ನು ಕತ್ತರಿಸಿ, ಉಪ್ಪುದ್ರಾವಣದಲ್ಲಿ ಹನ್ನೆರಡು ದಿನ ಉಪವಾಸ ಕೆಡವುತ್ತೇವೆ. ಆ ಕೋಣೆಗೆ ಹಸಿವಿನ ಕೋಣೆ ಎಂದೇ ಹೆಸರು. ಅಲ್ಲಿಂದ ಹೊರಬರುವ ಹೊತ್ತಿಗೆ ಪೊರೆ ಬೆಳೆಯುವುದನ್ನೇ ಮರೆತಿರುತ್ತದೆ, ಅಥವಾ ಮರೆತಿದೆ ಎಂದು ನಾನು ಸಹಿ ಹಾಕುತ್ತೇನೆ. ಗುಣಪರೀಕ್ಷೆ ವಿಭಾಗದ ಮುಖ್ಯಸ್ಥೆ ನಾನು, ಪ್ರಮೀಳಾ ಮುಳಗುಂದ. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಾಲು ಹಾಕಿದ ಚಹಾ ಬಿಟ್ಟೆ.

ಪೊರೆಯ ಜೊತೆ ಡಬ್ಬಿಯಲ್ಲಿ ಒಂದು ಹಾಳೆ ಇರುತ್ತದೆ, ಏನೇನು ಮಾಡಬಾರದು ಎಂಬ ಪಟ್ಟಿ. ಅದನ್ನು ಅಂತಿಮಗೊಳಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಸ್ತೂರಿ ತಳವಾರ ಎಂಬ ನರ್ಸ್ ನಮ್ಮಲ್ಲಿದ್ದಾಳೆ. ಊರೂರು ತಿರುಗಿ, ಜನ ಪೊರೆಯನ್ನು ಹೇಗೆ ಬಳಸುತ್ತಾರೆಂದು ನೋಡಿ ಬರುವುದು ಅವಳ ಕೆಲಸ. ಅವಳು ತಂದ ವರದಿಗಳನ್ನು ಓದಿದರೆ ಅನ್ನ ಸೇರುತ್ತಿರಲಿಲ್ಲ. ಒಬ್ಬ ಮಾಸ್ತರರು ಪೊರೆಯನ್ನು ದೇವರ ತೀರ್ಥದಲ್ಲಿ ತೊಳೆಯುತ್ತಿದ್ದರು. ಒಂದು ಮನೆಯಲ್ಲಿ ಅಕ್ಕತಂಗಿಯರು ಒಂದೇ ಜೋಡಿಯನ್ನು ದಿನ ಬಿಟ್ಟು ದಿನ ಹಾಕಿಕೊಳ್ಳುತ್ತಿದ್ದರು. ಇನ್ನೊಬ್ಬ, ಪೊರೆ ಒಣಗಿತ್ತೆಂದು ಬಾಯಿಗೆ ಹಾಕಿ ಒದ್ದೆ ಮಾಡಿಕೊಳ್ಳಲು ಹೋಗಿ, ಅದು ಕರಗಿ ನುಂಗಿಹೋಯಿತು, ಬೇರೆ ಕೊಡಿ ಎಂದು ದೂರು ಬರೆದಿದ್ದ. ಕರಗದೆ ಏನು ಮಾಡುತ್ತದೆ? ರೊಟ್ಟಿ ಅಗಿಯುತ್ತಿದ್ದರೆ ಸಿಹಿಯಾಗುತ್ತದಲ್ಲ, ಗಂಜಿಯನ್ನು ಒಡೆಯುವ ಆ ರಸ ಎಂಜಲಿನಲ್ಲೇ ಇದೆ. ಹದಿಮೂರನೆಯ ಸಾಲಾಗಿ 'ಎಂಜಲು ತಾಗಿಸಬಾರದು, ಪೊರೆ ಕರಗುತ್ತದೆ' ಎಂದು ಬರೆಸಿದೆ. ಬರೆಸುವಾಗ ಓಕರಿಕೆ ಬಂದಿತ್ತು.

ಕಸ್ತೂರಿ ಸೂಚಿಸಿದ್ದ ಹದಿನಾಲ್ಕನೆಯದು 'ಪೊರೆ ಇರುವಾಗ ಕಣ್ಣಿಗೆ ಎದೆಹಾಲು ಬಿಡಬಾರದು' ಎಂದಿತ್ತು, ಓದಿ ಕೆಂಪು ಪೆನ್ನು ಎತ್ತಿಕೊಂಡೆ.

"ಅದೊಂದ ಇರ್ಲಿ ರೀ ಮೇಡಂ," ಎಂದಳು ಕಸ್ತೂರಿ. "ನಾ ಊರೂರು ನೋಡೇನಿ. ಕಣ್ಣ ಕೆಂಪಾತಂದ್ರ ಮೊದಲ ಬಾಣಂತಿ ಹುಡುಕ್ತಾರ. ಎದಿಹಾಲು ಎರಡ ಹನಿ ಬಿಡಿಸ್ಕೋತಾರ."

"ಸಣ್ಣ ಕೂಸಿಗೆ ಬಿಡ್ತಾರ. ದೊಡ್ಡವ್ರೂ ಬಿಡಿಸ್ಕೋತಾರೇನ?"

"ದೊಡ್ಡವ್ರು, ಮುದುಕ್ರು, ಎಲ್ಲಾರೂ ರೀ."

"ಛೀ! ಇನ್ನೊಬ್ಬಾಕಿ ಮೈಯಿಂದ ಬಂದದ್ದನ್ನ ಕಣ್ಣಾಗ ಹಾಕ್ಕೋಬ್ಯಾಡ್ರಿ ಅಂತ ಅಚ್ಚ ಹಾಕಸೂದು? ಓದಿದವ್ರು ಡಬ್ಬಿ ಅಲ್ಲೇ ಒಗದ ಹೋಗ್ತಾರ."

"ಅವ್ರಿಗೆ ಹೇಸಿಗಿ ಅನಸೂದಿಲ್ರಿ. ನಿಮಗ ಅನಸ್ತೈತಿ," ಎಂದಳು ಅವಳು.

ನಾನು ಗೆರೆ ಎಳೆದೆ. ಎದೆಹಾಲಿನಲ್ಲೂ ಇರುವ ಅದೇ ಹಾಲಿನ ಸಕ್ಕರೆ, ಹಾಲಿನ ತಿಳಿ, ಹಸಿವಿನ ಕೋಣೆ, ಎಲ್ಲವೂ ನನ್ನ ತಲೆಯಲ್ಲೇ ಇದ್ದವು. ಆದರೆ ಹೇಸಿಗೆ ಬಂದಾಗ ಮನುಷ್ಯನಿಗೆ ಬೇಕಾಗುವುದು ಒಂದೇ, ಅದು ಕಣ್ಣ ಮುಂದಿನಿಂದ ಹೋಗಬೇಕು. ಹೋಯಿತು. ಹಾಳೆ ಹದಿಮೂರು ಸಾಲುಗಳೊಂದಿಗೆ ಅಚ್ಚಾಯಿತು.

ಅತ್ತೆಗೆ ಪೊರೆ ಹಾಕಿಸಿದವಳೂ ನಾನೇ. ಅವರು ಕಸೂತಿ ಹಾಕುವವರು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗುರುತು ಮಾಡಿಕೊಳ್ಳುವುದಿಲ್ಲ. ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು, ಹಿಂದೆ ಎಲ್ಲೂ ಗಂಟು ಕಾಣಬಾರದು. ಅರವತ್ತಾರಕ್ಕೆ ಅವರ ಕಣ್ಣು ಎಳೆ ಎಣಿಸಲಾರದಾಯಿತು. ಆರು ವರ್ಷ ಸೂಜಿ ಮುಟ್ಟಿರಲಿಲ್ಲ. ನನ್ನ ಮಗಳು ಸೃಷ್ಟಿ ಬಸುರಿಯಾದಾಗ, ಹುಟ್ಟುವ ಕೂಸಿಗೆ ತಲೆ ಬೆನ್ನು ಮುಚ್ಚುವ ಕಸೂತಿಯ ಕುಂಚಿಗೆ ಬೇಡವೇ ಎಂದು ಚಡಪಡಿಸತೊಡಗಿದರು. ಅಂಗಡಿಗೆ ಕರೆದುಕೊಂಡು ಹೋದೆ. ಮೂರು ಅಳತೆಯ ಪೊರೆಗಳನ್ನು ಹಾಕಿ ತೆಗೆದು ನೋಡಿ, ಕುಳಿತದ್ದನ್ನು ಆರಿಸಿದರು. ಅಂಗಡಿಯ ಹುಡುಗಿ ಜೇನು ಬಣ್ಣದ್ದೂ ಇದೆ ಎಂದಳು.

"ನನ್ನ ಕಣ್ಣಿನ ಬಣ್ಣ ಕಟಗೊಂಡ ಏನ ಮಾಡ್ಲಿ? ನೂಲಿನ ಬಣ್ಣ ಖರೇ ಕಂಡ್ರ ಸಾಕು," ಎಂದರು ಅತ್ತೆ.

ಅವರಷ್ಟು ನಿಷ್ಠೆಯಿಂದ ಪೊರೆಯನ್ನು ನೋಡಿಕೊಂಡವರನ್ನು ನಾನು ಕಂಡಿಲ್ಲ. ಉಗುರು ಕತ್ತರಿಸಿಕೊಂಡರು. ಒಗ್ಗರಣೆ ಕೈಯಲ್ಲಿ ಕಣ್ಣು ಮುಟ್ಟಲಿಲ್ಲ. ಪ್ರತಿ ಸಂಜೆ ಅಂಗೈಯಲ್ಲಿ ದ್ರಾವಣ ಹಾಕಿಕೊಂಡು ಪೊರೆಯನ್ನು ಹತ್ತು ಸಲ ತಿಕ್ಕುತ್ತಿದ್ದರು. ಅಂಚಿನಿಂದ ಸಿಂಬಳದಂಥ ಲೋಳೆ ಕಳಚಿಕೊಳ್ಳುತ್ತಿತ್ತು. "ಮೈ ತೊಳಕೊಳ್ಳಾಕತ್ತೈತಿ, ಪಾಪ," ಎನ್ನುತ್ತಿದ್ದರು. ನಾನು ಆ ಹೊತ್ತಿಗೆ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಸೃಷ್ಟಿಗೆ ಹೆಣ್ಣುಕೂಸು ಹುಟ್ಟಿತು. ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಳು. ಅತ್ತೆಯ ಕುಂಚಿಗೆಯಲ್ಲಿ ಆನೆಗಳ ಸಾಲು ಮುಗಿದು, ಕಮಲಗಳ ಸಾಲು ಶುರುವಾಗಿತ್ತು. ನನ್ನ ಗಂಡ ಕೆಲಸದ ಮೇಲೆ ಬಳ್ಳಾರಿಗೆ ಹೋಗಿದ್ದರು. ನಾನು ಹೊಸ ತಳಿಯ ಪರೀಕ್ಷೆಯಲ್ಲಿ ಮುಳುಗಿ ಮೂರು ದಿನ ಮನೆಯ ಕಡೆ ಸರಿಯಾಗಿ ನೋಡಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸೃಷ್ಟಿ ಕೂಗಿದಳು.

"ಅವ್ವಾ, ಆಯಿ ಕಣ್ಣ ನೋಡ ಬಾ. ಏನೋ ಆಗೇತಿ."

ಅತ್ತೆ ಸೆರಗಿನಿಂದ ಎಡಗಣ್ಣು ಮುಚ್ಚಿಕೊಂಡು ಕುಳಿತಿದ್ದರು. ಸೆರಗು ಸರಿಸಿದೆ. ಕಣ್ಣು ಇರಬೇಕಾದ ಜಾಗದಲ್ಲಿ ಕೆನೆ ಕಟ್ಟಿತ್ತು. ಬೆಳ್ಳಗೆ, ದಪ್ಪಗೆ, ಸುಕ್ಕು ಬಿದ್ದ ಕೆನೆ. ಅದು ಪಾಪೆಯನ್ನು ದಾಟಿ, ರೆಪ್ಪೆಯ ಅಂಚನ್ನು ಹತ್ತಿ, ಕೂದಲುಗಳನ್ನೂ ಸುತ್ತಿಕೊಂಡಿತ್ತು. ಅತ್ತೆ ರೆಪ್ಪೆ ಬಡಿಯಲು ನೋಡಿದಾಗ ಮೇಲಿಂದ ಕೆಳಗೆ ನೂಲು ನೂಲಾಗಿ ಲೋಳೆ ಎಳೆಯಿತು. ಹುಳಿ ವಾಸನೆ ಬಂತು. ನಮ್ಮ ಕಾರ್ಖಾನೆಯದೇ ವಾಸನೆ.

ನಾನು ಓಡಿಹೋಗಿ ಬಚ್ಚಲಲ್ಲಿ ವಾಂತಿ ಮಾಡಿದೆ. ನಾಚಿಕೆಯಾಗುತ್ತದೆ, ಆದರೂ ನಿಜ ಹೇಳಬೇಕು. ಮುದುಕಿಯ ಕಣ್ಣು ಹೋಗುತ್ತಿದ್ದರೆ ನಾನು ಮೊದಲು ಮಾಡಿದ್ದು ಅದು. ಬಾಯಿ ತೊಳೆದು ಬಂದು ಕೇಳಿದೆ.

"ಅತ್ತಿ, ಕಣ್ಣಿಗೆ ಏನ ಹಾಕೀರಿ?"

"ಒಗ್ಗರಣಿ ಘಾಟಿಗೆ ಈ ಕಣ್ಣೊಂದ ಕೆಂಪಾಗಿತ್ತವಾ. ಸೃಷ್ಟಿ ಕಡೆ ಹಾಲ ಬಿಡಿಸ್ಕೊಂಡೆ. ಮುಂಜಾನಿ ಎರಡು, ಸಂಜಿಕ ಎರಡು. ಔಷಧ ಹಾಕಿದ ಮ್ಯಾಲ ಕಣ್ಣ ಮುಟ್ಟಬಾರದಲ್ಲ, ಅದಕ್ಕ ಪೊರೆ ತಗೀಲಿಲ್ಲ. ಹೆಚ್ಚಿಗಿ ಆತಂತ ಮತ್ತ ಬಿಡಿಸ್ಕೊಂಡೆ."

"ಹಾಳ್ಯಾಗ ಬರದದ್ದು ಓದೀರಿಲ್ಲ?"

ಅತ್ತೆಗೆ ಸಿಟ್ಟು ಬಂತು. "ಬಟ್ಟಿಟ್ಟು ಓದೇನಿ. ಹದಿಮೂರೂ ಓದೇನಿ. ನಳದ ನೀರ ಬ್ಯಾಡ ಅಂದೀರಿ, ಬಿಟ್ಟೆ. ಕಾಡಿಗಿ ಬ್ಯಾಡ ಅಂದೀರಿ, ಬಿಟ್ಟೆ. ಹರಳೆಣ್ಣಿ ಬ್ಯಾಡ ಅಂದೀರಿ, ಎಣ್ಣಿ ಹಚಗೊಂಡ ಎರಕೊಳ್ಳೂದನ್ನೂ ಬಿಟ್ಟೆ. ಹಾಲ ಬ್ಯಾಡ ಅಂತ ಎಲ್ಲಿ ಬರದೀರಿ, ತೋರಸು."

ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕಣ್ಣಿನ ವೈದ್ಯೆ ಡಾಕ್ಟರ್ ನದಾಫ್ ದೀಪ ಹಾಕಿ ಬಹಳ ಹೊತ್ತು ನೋಡಿದರು. ಚಿಮಟದಿಂದ ಅಂಚನ್ನು ಸ್ವಲ್ಪ ಎತ್ತಿದಾಗ ಅತ್ತೆ ಕೂಗಿಕೊಂಡರು. ನದಾಫ್ ನನ್ನನ್ನು ಬಾಗಿಲ ಹೊರಗೆ ಕರೆದರು.

"ನೋಡ್ರಿ, ಇದು ಬೇರ ಬಿಟ್ಟಂಗ ಕಣ್ಣಿಗೆ ಕಚ್ಚೈತಿ. ಕಿತ್ತಿದ್ರ ಕೆಳಗಿನ ಪದರನೂ ಕೂಡಿ ಬರ್ತೈತಿ. ಬಿಟ್ರ ನಾಳೆ ಮುಂಜಾನಿ ಅನ್ನೂದ್ರಾಗ ಉಸಿರ ಕಟ್ಟತೈತಿ."

ನನಗೆ ಅರ್ಥವಾಯಿತು. ಕಣ್ಣಿನ ಮುಂದಿನ ತಿಳಿಪದರಕ್ಕೆ ರಕ್ತನಾಳಗಳಿಲ್ಲ, ಅದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ದಪ್ಪ ಕೆನೆಯ ಕೆಳಗೆ ಅದು ಒಂದು ದಿನ ಬದುಕಿದರೆ ಹೆಚ್ಚು.

"ನಿಮ್ಮ ಕಂಪನಿ ಮಾಲಿದು," ಎಂದರು ನದಾಫ್. "ಕರಗಸೂದು ಏನರ ಐತೇನ ಹೇಳ್ರಿ. ಕಣ್ಣ ಸುಡಬಾರದು, ಅಂಥಾದ್ದು."

ಕಾರ್ಖಾನೆಯಲ್ಲಿ ಪೀಪಾಯಿ ತೊಳೆಯುವ ಕಿಣ್ವವಿತ್ತು. ಅದರಲ್ಲಿ ಕೆಡದಿರಲು ಬೆರೆಸಿದ ರಾಸಾಯನಿಕಕ್ಕೆ ಕೈಗವಸೇ ತೂತಾಗುತ್ತದೆ. ಕಣ್ಣಿಗೆ ಆಗದು. ಉಳಿದದ್ದು ಒಂದೇ. ಅದು ನಮ್ಮ ಹದಿಮೂರನೆಯ ಸಾಲಿನಲ್ಲೇ ಇತ್ತು, ಎಂಜಲು. ನೆಲ ನೋಡಿಕೊಂಡು ಹೇಳಿದೆ. ನದಾಫ್ ನಗಲಿಲ್ಲ. "ಒಂದ ಕ್ರಿಮಿ ಉಳೀದಂಗ ಸೋಸಿ ತಂದ್ರ ನೋಡೂಣು. ಹಂಗ ತಂದ್ರಿ ಅಂದ್ರ ನಾ ಮುಟ್ಟೂದಿಲ್ಲ," ಎಂದರು.

ಮಧ್ಯಾಹ್ನ ಹನ್ನೆರಡಕ್ಕೆ ಪ್ರಯೋಗಾಲಯಕ್ಕೆ ಬಂದೆ. ನಮ್ಮಲ್ಲಿ ಎಲ್ಲರ ರಕ್ತಪರೀಕ್ಷೆ ತಿಂಗಳಿಗೊಮ್ಮೆ ನಡೆಯುತ್ತದೆ. ಹಿಂದಿನ ದಿನವಷ್ಟೇ ಬಂದಿದ್ದ ಶುದ್ಧ ವರದಿ ನನ್ನದು. ಹಾಗಾಗಿ ಎಂಜಲೂ ನನ್ನದೇ ಆಗಬೇಕು. ಹಲ್ಲುಜ್ಜಿ, ಹತ್ತು ಸಲ ಬಾಯಿ ಮುಕ್ಕಳಿಸಿ, ಗಾಜಿನ ಕೊಳವೆ ಹಿಡಿದು ಕುಳಿತೆ. ಹೇಸಿಗೆಗೆ ಬಾಯಿ ಒಣಗಿ ಕಟ್ಟಿಗೆಯಾಗಿತ್ತು. ಒಂದು ಹನಿ ಬಿತ್ತು, ನೊರೆ ನೊರೆಯಾಗಿ.

ಕಸ್ತೂರಿ ಒಂದು ಹುಣಸೆಹಣ್ಣಿನ ಉಂಡೆ ತಂದು ನನ್ನ ಮೂಗಿನ ಮುಂದೆ ಹಿಡಿದಳು. "ತಿನಬ್ಯಾಡ್ರಿ. ಬರೇ ನೋಡ್ರಿ, ವಾಸನಿ ತಗೋರಿ."

ಬಾಯಿ ತುಂಬಿ ಬಂತು. ಉಗುಳಿದೆ. ಕಣ್ಣು ಮುಚ್ಚಿಕೊಂಡು ಉಗುಳಿದೆ. ಅರ್ಧ ತಾಸಿನಲ್ಲಿ ಇಪ್ಪತ್ತು ಮಿಲಿ ಆಯಿತು. ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಲೋಳೆಯನ್ನು ತಳಕ್ಕೆ ಕೂರಿಸಿದೆವು. ಮೇಲಿನ ತಿಳಿಯನ್ನು, ಬ್ಯಾಕ್ಟೀರಿಯಾ ಕೂಡ ನುಸುಳದಷ್ಟು ಸಣ್ಣ ಜರಡಿಯಲ್ಲಿ ಸೋಸಿದೆವು. ಎರಡು ಸಲ ಜರಡಿ ಕಟ್ಟಿಕೊಂಡಿತು, ಮೂರನೆಯದು ನಡೆಯಿತು. ಕೊನೆಗೆ ಉಳಿದದ್ದು ಆರು ಮಿಲಿ, ನೀರಿನಂತಿತ್ತು. ಹಾಲಿನ ತಿಳಿಯಲ್ಲಿ ದಪ್ಪವಾಗಿ ಬೆಳೆಸಿದ ಒಂದು ಪೊರೆಯ ಮೇಲೆ ಎರಡು ಹನಿ ಹಾಕಿ ನೋಡಿದೆವು. ಹದಿನೆಂಟು ನಿಮಿಷಕ್ಕೆ ಅದು ಜೋತು ಬಿದ್ದು ಕರಗಿತು.

ಕಸ್ತೂರಿ ಸೀಸೆಗೆ ಮುಚ್ಚಳ ಹಾಕುತ್ತ, ನನ್ನತ್ತ ನೋಡದೆ ಹೇಳಿದಳು. "ಅವತ್ತ ಬರೀಲಾಕ ಹೇಸಿಗಿ ಅಂದ್ರಿ, ಮೇಡಂ."

"ಹೌದು," ಎಂದೆ.

ಹೊರಡುವಾಗ ಕಾರ್ಖಾನೆಯ ಮುಖ್ಯಸ್ಥರಾದ ಹೆಬಸೂರ ಸಾಹೇಬರ ಫೋನು ಬಂತು. ಸುದ್ದಿ ಅವರಿಗೆ ಮುಟ್ಟಿತ್ತು. "ಮನಿಯವ್ರಂತ ಮನಸ್ಸಿಗೆ ಹಚಗೋಬ್ಯಾಡ್ರಿ. ಬಳಸಿದವ್ರ ತಪ್ಪು ಅಂತ ವರದಿ ಬರೀರಿ. ಹಾಳ್ಯಾಗ ಇಲ್ಲದ್ದು ಮಾಡ್ಕೊಂಡಾರ."

"ಹಾಳ್ಯಾಗ ಇತ್ರಿ ಸಾಹೇಬ್ರ. ತಗದಾಕಿ ನಾನು. ಹಂಗ ಬರೀತೀನಿ," ಎಂದು ಫೋನು ಇಟ್ಟೆ.

ಆಸ್ಪತ್ರೆಯಲ್ಲಿ ಅತ್ತೆಯನ್ನು ಮಲಗಿಸಿದ್ದರು. ಕೆನೆ ಇನ್ನಷ್ಟು ದಪ್ಪವಾಗಿ, ಹಳದಿಗೆ ತಿರುಗಿತ್ತು. ಸುಮ್ಮನೆ ಔಷಧ ಎಂದು ಹೇಳಿ ಹಾಕಿಬಿಡಬಹುದಿತ್ತು. ಆದರೆ ಒಂದು ಸಾಲು ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆಗಿತ್ತು. ಮಂಚದ ಪಕ್ಕ ಕುಳಿತು ಎಲ್ಲ ಹೇಳಿದೆ. ಹದಿನಾಲ್ಕನೆಯ ಸಾಲು, ಕೆಂಪು ಪೆನ್ನು, ಸೀಸೆಯಲ್ಲಿ ಇರುವುದು ಏನು, ಯಾರದು.

ಅತ್ತೆ ಬಲಗಣ್ಣನ್ನು ನನ್ನತ್ತ ತಿರುಗಿಸಿದರು.

"ಎದಿಹಾಲು ಹೇಸಿಗಿ ಅನಿಸ್ತೇನ ನಿನಗ?" ಎಂದರು. "ನಿನ್ನ ಗಂಡ ಏನ ಕುಡದ ಬೆಳದಾನ ತಿಳದಿ?"

ನಾನು ಸೀಸೆಯನ್ನು ಅವರ ಕೈಗಿಟ್ಟೆ.

"ಅವಂಗ ಹಲ್ಲ ಬಂದಿರಲಿಲ್ಲ. ಬರಗಾಲದ ವರ್ಷ, ಬಿರಸ ರೊಟ್ಟಿ. ನಾ ಅಗದು ಮೆತ್ತಗ ಮಾಡಿ ಅವನ ಬಾಯಾಗ ಇಡತಿದ್ದೆ. ಎಂಜಲು ಅಂತ ಯಾರ ನೋಡ್ಯಾರ? ಹಾಕವಾ, ಹಾಕು. ಹಾಕಿದ ಮ್ಯಾಲ ಆ ಸಾಲು ಬರಿ. ನನ್ನಂಥಾ ಇನ್ನೊಬ್ಬಾಕಿ ಬಟ್ಟಿಟ್ಟು ಓದ್ತಾಳ."

ನದಾಫ್ ರೆಪ್ಪೆ ಹಿಡಿದರು. ಮೊದಲ ಹನಿ ನಾನೇ ಹಾಕಿದೆ. ಹತ್ತು ನಿಮಿಷಕ್ಕೊಮ್ಮೆ ಒಂದು ಹನಿ, ಆಮೇಲೆ ಉಪ್ಪುದ್ರಾವಣದಿಂದ ತೊಳೆಯುವುದು. ಮೊದಲ ಒಂದು ತಾಸು ಏನೂ ಆಗಲಿಲ್ಲ. ಆಮೇಲೆ ಕೆನೆಯ ಸುಕ್ಕುಗಳು ಸಡಿಲಾದವು. ಅಂಚು ನೀರಾಗಿ ಕೆನ್ನೆಯ ಮೇಲೆ ಇಳಿಯಿತು. ಹುಳಿ ವಾಸನೆಯ ಬಿಳಿ ಗಂಜಿ. ನಾನು ಹತ್ತಿಯಿಂದ ಒರೆಸಿದೆ, ಓಕರಿಕೆ ನುಂಗಿಕೊಂಡು ಒರೆಸುತ್ತಲೇ ಇದ್ದೆ. ಸಂಜೆ ಐದರ ಹೊತ್ತಿಗೆ ಮುದ್ದೆಯೊಂದು ರೆಪ್ಪೆಯ ಕೆಳಗಿನಿಂದ ಜಾರಿ, ನನ್ನ ಅಂಗೈಗೆ ಬಿತ್ತು. ಬೆಚ್ಚಗಿತ್ತು. ಅದರ ಕೆಳಗೆ, ಮಂಜು ಕವಿದಂತೆ, ಅತ್ತೆಯ ಕಣ್ಣುಪಾಪೆ ಕಂಡಿತು. ಬೆಳಕು ಬಿಟ್ಟಾಗ ಅದು ಕುಗ್ಗಿತು.

"ಎಷ್ಟ ಬೆರಳ್ರೀ ಅಮ್ಮಾ?" ಎಂದರು ನದಾಫ್.

"ಮೂರು. ಉಗರ ಬೆಳದಾವು, ತಕ್ಕೋರಿ," ಎಂದರು ಅತ್ತೆ.

ಕಣ್ಣು ಉಳಿಯಿತು, ಪೂರ್ತಿ ಅಲ್ಲ. ನಡುವೆ ಸಾಸಿವೆ ಗಾತ್ರದ ಬಿಳಿ ಕಲೆ ನಿಂತಿದೆ. ಅದರಲ್ಲಿ ಬೆರಳು ಎಣಿಸಬಹುದು, ಎಳೆ ಎಣಿಸಲಾಗದು. ಬಲಗಣ್ಣಿನ ಪೊರೆಯನ್ನು ಅತ್ತೆ ಬಿಡಲಿಲ್ಲ. ನಾನು ಬೇಡವೆಂದು ಎಷ್ಟು ಹೇಳಿದರೂ, "ಅದೇನ ತಪ್ಪ ಮಾಡೇತಿ?" ಎಂದು ಸಂಜೆ ಸಂಜೆ ತಿಕ್ಕಿ ತೊಳೆಯುತ್ತಾರೆ. ನನ್ನ ವರದಿ ಓದಿ ಕಂಪನಿ ನನ್ನನ್ನು ಮುಖ್ಯಸ್ಥೆಯ ಕುರ್ಚಿಯಿಂದ ಇಳಿಸಿತು. ಈಗ ಹಸಿವಿನ ಕೋಣೆಯಲ್ಲಿ ತಟ್ಟೆ ಎಣಿಸುತ್ತೇನೆ. ಹೊಸ ಹಾಳೆಯಲ್ಲಿ ಹದಿನಾಲ್ಕು ಸಾಲುಗಳಿವೆ. ಕೊನೆಯದನ್ನು ಕಸ್ತೂರಿ ತನ್ನ ಮಾತಿನಲ್ಲೇ ಬರೆದಿದ್ದಾಳೆ.

ಮೂರು ತಿಂಗಳ ಮೇಲೆ ಒಂದು ಭಾನುವಾರ ಅತ್ತೆ ಬಿಸಿಲಿಗೆ ಕುಳಿತು ಕುಂಚಿಗೆಯ ಕೊನೆಯ ಕಮಲ ಹಾಕುತ್ತಿದ್ದರು. ಒಂದೇ ಕಣ್ಣಿನಲ್ಲಿ ಎಳೆ ಎಣಿಸುವುದು ಅವರಿಗೆ ಒಗ್ಗಿದೆ. ಆದರೆ ಒಂದೇ ಕಣ್ಣಿಗೆ ದೂರ, ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ನೂಲು ಸೂಜಿಯ ಮುಂದೆಯೋ ಹಿಂದೆಯೋ ಹೋಗುತ್ತದೆ. ಸೂಜಿಯಿಂದ ನೂಲು ಕಳಚಿತ್ತು. ನಾಲ್ಕೈದು ಸಲ ಬಾಯಿಗಿಟ್ಟು ಚೀಪಿ ಪೋಣಿಸಲು ನೋಡಿದರು. ಆಗಲಿಲ್ಲ.

"ಪ್ರಮೀಳಾ, ಇದೊಂದ ಪೋಣಸಿ ಕೊಡವಾ."

ನೂಲಿನ ತುದಿ ಸಿಬಿರಾಗಿತ್ತು, ಒದ್ದೆಯಾಗಿತ್ತು. ನಾನು ಕತ್ತರಿಗೆ ಕೈ ಹಾಕಿದೆ.

"ಕತ್ತರಸಬ್ಯಾಡ. ಹೂವಿನ ತುದಿ ಮುಟ್ಟೂವಷ್ಟ ಉಳದೈತಿ. ಕಡಿಮಿ ಬಿದ್ರ ಗಂಟ ಹಾಕಬೇಕಾಗ್ತೈತಿ," ಎಂದರು. ಹೇಳಿ, ಕಾಗೆ ಓಡಿಸುವವರಂತೆ ಮುಖವನ್ನು ಆಚೆ ತಿರುಗಿಸಿಕೊಂಡು ಕುಳಿತರು. ಅಂಗಳದಲ್ಲಿ ಕಾಗೆ ಇರಲಿಲ್ಲ.

ಕತ್ತರಿಯನ್ನು ಕೆಳಗಿಟ್ಟೆ. ನೂಲನ್ನು ಬಾಯಿಗಿಟ್ಟುಕೊಂಡು ಚೀಪಿದೆ. ಮೊದಲ ಸಲಕ್ಕೇ ಸೂಜಿ ಹೊಕ್ಕಿತು.